ಅಂಕಿತಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆ

ಮಾನ್ಯ ಓದುಗರೇ,

"ಸಂಪುಟ ತೋರಿಸಿದ ಜಾಗದಲ್ಲಿ ಸಹಿ ಮಾಡುವುದಷ್ಟೇ ಕೆಲಸವಾದರೆ ರಾಷ್ಟ್ರದ ಮುಖ್ಯಸ್ಥರ ಹುದ್ದೆ ಏಕೆ ಬೇಕು? ಸಹಿ ಮಾಡದಿರುವ ಅಧಿಕಾರ ಅವರಿಗಿದ್ದರೆ ನಾವು ಮತ ಹಾಕುವುದು ಏಕೆ?" ಎಂದು ನೀವು ಬರೆದಿದ್ದೀರಿ. ಪತ್ರದ ಕೊನೆಯಲ್ಲಿ, ಕೆಟ್ಟ ಕಾನೂನನ್ನು ತಡೆಯುವ ಪೂರ್ಣ ಅಧಿಕಾರವನ್ನು ಅವರಿಗೆ ಕೊಟ್ಟುಬಿಡಬಾರದೇ ಎಂದೂ ಕೇಳಿದ್ದೀರಿ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಸಹಿ ಮಾಡುವುದಕ್ಕೂ ಮಾಡದಿರುವುದಕ್ಕೂ ನಡುವೆ ಒಂದಿಷ್ಟು ಜಾಗವಿದೆ. ಆ ಹುದ್ದೆಯ ಬೆಲೆ ಇರುವುದು ಅಲ್ಲೇ ಎಂಬುದು ನನ್ನ ನಂಬಿಕೆ.

ಸಂಸದೀಯ ವ್ಯವಸ್ಥೆಯಲ್ಲಿ ಆಡಳಿತ ನಡೆಯುವುದು ಮುಖ್ಯಸ್ಥರ ಹೆಸರಿನಲ್ಲಿ. ನಿರ್ಧಾರ ಮಾತ್ರ ಸಂಪುಟದ್ದು. ಏಕೆಂದರೆ ಸದನದಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾದವರು ಸಚಿವರು. ಯಾರಿಗೂ ಬಹುಮತ ಬಾರದಾಗ ಸರ್ಕಾರ ರಚಿಸಲು ಯಾರನ್ನು ಕರೆಯಬೇಕು, ಬಹುಮತ ಕಳೆದುಕೊಂಡ ಪ್ರಧಾನಿ ಸದನ ವಿಸರ್ಜಿಸಿ ಎಂದರೆ ಒಪ್ಪಬೇಕೇ ಎಂಬಂಥ ಕೆಲವೇ ಗಳಿಗೆಗಳು ಮುಖ್ಯಸ್ಥರ ವಿವೇಚನೆಗೆ ಉಳಿಯುತ್ತವೆ. ಇವುಗಳ ಜೊತೆಗೆ ಪ್ರತಿದಿನವೂ ಕೈಯಲ್ಲಿರುವ ಒಂದು ಹಕ್ಕಿದೆ: ಕಡತ ಮುಂದೆ ಬಂದಾಗ ಕೇಳುವ ಹಕ್ಕು, ಎಚ್ಚರಿಸುವ ಹಕ್ಕು. ಇದನ್ನು ಜನ ಹಗುರವಾಗಿ ಕಾಣುತ್ತಾರೆ. ನಾನು ಕಾಣಲಾರೆ.

1975ರ ಜೂನ್ 25ರ ರಾತ್ರಿಯನ್ನೇ ನೋಡಿ. ತುರ್ತು ಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅಂಕಿತ ಹಾಕಿದಾಗ ಸಂಪುಟ ಸಭೆಯೇ ಸೇರಿರಲಿಲ್ಲ. ಸಚಿವರನ್ನು ಕರೆಸಿ ಒಪ್ಪಿಗೆ ಪಡೆದದ್ದು ಮರುದಿನ ಬೆಳಗಿನ ಜಾವ. "ಸಂಪುಟದ ನಿರ್ಣಯ ಎಲ್ಲಿದೆ?" ಎಂದು ಕೇಳಲು ರಾಷ್ಟ್ರಪತಿಗೆ ಯಾವ ವಿಶೇಷಾಧಿಕಾರವೂ ಬೇಕಿರಲಿಲ್ಲ. ಕೇಳಿದ್ದರೆ ಘೋಷಣೆ ನಿಂತೇಹೋಗುತ್ತಿತ್ತು ಎಂದು ನಾನು ವಾದಿಸುವುದಿಲ್ಲ. ಆದರೆ ಸಚಿವರು ಒಬ್ಬೊಬ್ಬರೂ ಮುಂಚೆಯೇ ಹೌದು ಅಥವಾ ಅಲ್ಲ ಎನ್ನಬೇಕಾಗುತ್ತಿತ್ತು. ಆ ಕೊರತೆಯನ್ನು ತುಂಬಲು 1978ರ 44ನೇ ತಿದ್ದುಪಡಿ ಬರಬೇಕಾಯಿತು: ಸಂಪುಟದ ನಿರ್ಣಯ ಲಿಖಿತವಾಗಿ ಕೈಸೇರದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ. ಸಂಪುಟದ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳಿಸುವ ಅಧಿಕಾರವನ್ನೂ ಅದೇ ತಿದ್ದುಪಡಿ ಬರೆದುಕೊಟ್ಟಿತು.

ಅದೇ 1975ರ ನವೆಂಬರ್ 11ರಂದು ಆಸ್ಟ್ರೇಲಿಯಾದಲ್ಲಿ ತದ್ವಿರುದ್ಧವಾದದ್ದು ನಡೆಯಿತು. ಪ್ರಧಾನಿ ವಿಟ್ಲಂ ಅವರಿಗೆ ಕೆಳಮನೆಯಲ್ಲಿ ಬಹುಮತವಿತ್ತು; ಮೇಲ್ಮನೆ ಮಾತ್ರ ಸರ್ಕಾರದ ಖರ್ಚಿಗೆ ಹಣ ಒದಗಿಸುವ ಧನವಿನಿಯೋಗ ಮಸೂದೆಗಳನ್ನು ತಡೆಹಿಡಿದಿತ್ತು. ಅಲ್ಲಿನ ರಾಷ್ಟ್ರ ಮುಖ್ಯಸ್ಥೆ ರಾಣಿ ಎಲಿಜಬೆತ್ ಅವರ ಪ್ರತಿನಿಧಿಯಾಗಿದ್ದ ಗವರ್ನರ್ ಜನರಲ್ ಜಾನ್ ಕೆರ್, ಭೇಟಿಗೆ ಬಂದ ಪ್ರಧಾನಿಯ ಕೈಗೆ ವಜಾಪತ್ರ ಕೊಟ್ಟರು. ವಿರೋಧ ಪಕ್ಷದ ನಾಯಕ ಫ್ರೇಸರ್ ಆಗ ಅದೇ ನಿವಾಸದ ಇನ್ನೊಂದು ಕೋಣೆಯಲ್ಲಿ ಕಾದು ಕುಳಿತಿದ್ದರು. ಕೆಲವೇ ನಿಮಿಷಗಳಲ್ಲಿ ಅವರು ಹಂಗಾಮಿ ಪ್ರಧಾನಿಯಾದರು. ಮಧ್ಯಾಹ್ನ ಕೆಳಮನೆ ಅವರ ವಿರುದ್ಧ ಅವಿಶ್ವಾಸ ಸೂಚಿಸಿತು. ಅದನ್ನು ತಿಳಿಸಲು ಹೊರಟ ಸ್ಪೀಕರ್ ಅವರನ್ನು ಕೆರ್ ಭೇಟಿಯಾಗುವಷ್ಟರಲ್ಲಿ ಸಂಸತ್ತು ವಿಸರ್ಜನೆಯಾಗಿತ್ತು. ಮುಂಚೆಯೇ ಎಚ್ಚರಿಸಿದ್ದರೆ ಪ್ರಧಾನಿ ರಾಣಿಗೆ ಹೇಳಿ ನನ್ನನ್ನೇ ತೆಗೆಸುತ್ತಿದ್ದರು ಎಂಬುದು ಕೆರ್ ಕೊಟ್ಟ ಸಮಜಾಯಿಷಿ. ಚುನಾವಣೆಯಲ್ಲಿ ಫ್ರೇಸರ್ ಭಾರಿ ಬಹುಮತದಿಂದ ಗೆದ್ದರು, ನಿಜ. ಆದರೂ ಎಚ್ಚರಿಕೆಯ ಮಾತಿಲ್ಲದೆ ನೇರ ವಜಾ ಮಾಡಿದ್ದನ್ನು ನಾನು ಸರಿ ಎನ್ನಲಾರೆ. ದೆಹಲಿಯಲ್ಲಿ ಪ್ರಶ್ನೆ ಹುಟ್ಟಲಿಲ್ಲ, ಕ್ಯಾನ್ಬೆರಾದಲ್ಲಿ ಎಚ್ಚರಿಕೆ ಹುಟ್ಟಲಿಲ್ಲ.

ನನಗೆ ಅತ್ಯಂತ ಗೌರವವಿರುವುದು ಐರ್ಲೆಂಡಿನ ಅಧ್ಯಕ್ಷ ಓ ಡಾಲಿ ಅವರ ಮೇಲೆ. 1976ರಲ್ಲಿ ತುರ್ತು ಅಧಿಕಾರಗಳ ಮಸೂದೆ ಅವರ ಮುಂದೆ ಬಂತು. ಅವರು ಅದನ್ನು ತಿರಸ್ಕರಿಸಲಿಲ್ಲ, ಕಣ್ಣು ಮುಚ್ಚಿ ಅಂಕಿತವನ್ನೂ ಹಾಕಲಿಲ್ಲ. ಅಲ್ಲಿನ ಸಂವಿಧಾನದ 26ನೇ ವಿಧಿಯಂತೆ ಮಸೂದೆಯನ್ನು ಸುಪ್ರೀಂ ಕೋರ್ಟಿಗೆ ಕಳಿಸಿ, ಇದು ಸಂವಿಧಾನಬದ್ಧವೇ ಎಂದು ಕೇಳಿದರು. ಕೋರ್ಟು ಹೌದು ಎಂದಿತು, ಅವರು ಅಂಕಿತ ಹಾಕಿದರು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ರಕ್ಷಣಾ ಸಚಿವರು ಸೈನಿಕರ ಎದುರಿಗೇ ಅಧ್ಯಕ್ಷರನ್ನು ನಾಚಿಕೆಗೇಡು ಎಂದು ಜರೆದರು; ಪ್ರಧಾನಿ ಆ ಸಚಿವರನ್ನು ಕೈಬಿಡಲಿಲ್ಲ. ಹುದ್ದೆಯ ಘನತೆ ಉಳಿಸಲು ಓ ಡಾಲಿ ಅಕ್ಟೋಬರ್ 22ರಂದು ರಾಜೀನಾಮೆ ಕೊಟ್ಟರು. ಅವರು ಮಾಡಿದ್ದು ಒಂದು ಪ್ರಶ್ನೆ ಕೇಳಿದ್ದಷ್ಟೇ. ಸಂವಿಧಾನ ಅದಕ್ಕಾಗಿಯೇ ಅವರನ್ನು ಅಲ್ಲಿ ಕೂರಿಸಿತ್ತು.

ಇನ್ನು ಪೂರ್ಣ ತಡೆಯಧಿಕಾರದ ವಿಚಾರ. ಬೇಡವೇ ಬೇಡ ಎನ್ನುತ್ತೇನೆ. ಯಾವುದು ಕೆಟ್ಟ ಕಾನೂನು ಎಂದು ಒಬ್ಬರ ಆತ್ಮಸಾಕ್ಷಿ ತೀರ್ಮಾನಿಸುವಂತಾದರೆ ಸೋಲುವುದು ನಮ್ಮ ಮತವೇ. ಲಕ್ಸೆಂಬರ್ಗಿನ ಗ್ರ್ಯಾಂಡ್ ಡ್ಯೂಕ್ 2008ರಲ್ಲಿ ದಯಾಮರಣದ ಮಸೂದೆಗೆ ಒಪ್ಪಿಗೆ ಕೊಡಲು ನನ್ನ ಮನಸ್ಸಾಕ್ಷಿ ಬಿಡುವುದಿಲ್ಲ ಎಂದರು. ಸಂಸತ್ತು ಅವರೊಡನೆ ಜಗಳಕ್ಕಿಳಿಯಲಿಲ್ಲ. ಕಾನೂನಿಗೆ ಅವರ ಅನುಮೋದನೆ ಬೇಕೆಂಬ ಮಾತನ್ನೇ ಸಂವಿಧಾನದಿಂದ ತೆಗೆದುಹಾಕಿತು. ಅಂದಿನಿಂದ ಅಲ್ಲಿನ ದೊರೆ ಕಾನೂನುಗಳನ್ನು ಜಾರಿಗೆಂದು ಪ್ರಕಟಿಸುತ್ತಾರೆ, ಅನುಮೋದಿಸುವುದಿಲ್ಲ.

— ಸಂಪಾದಕ