ತುಣುಕುಗಳಲ್ಲಿ ಬರೀ ಮೀನು, ಅಡುಗೆ ಯಾಕೆ?

ಕಳೆದುಹೋದ ಗ್ರೀಕ್ ಹಾಸ್ಯನಾಟಕಗಳ ಉಳಿದ ಸಾಲುಗಳಲ್ಲಿ ಮೀನು, ಅಡುಗೆಯವರ ಮಾತೇ ಜಾಸ್ತಿ ಯಾಕೆ ಅಂತ ಕೇಳಿದ್ದೀರಿ. ಒಳ್ಳೇ ಪ್ರಶ್ನೆ. ಅದಕ್ಕೆ ಮುಖ್ಯ ಕಾರಣ ಅಥೆನೇಯಸ್. ಈಜಿಪ್ಟಿನ ನೌಕ್ರಾಟಿಸ್ ಊರಿನವನು. ಕ್ರಿ.ಶ. 200ರ ಆಸುಪಾಸಿನಲ್ಲಿ ಅವನು ಬರೆದ ದೊಡ್ಡ ಪುಸ್ತಕದಲ್ಲಿ ಪಂಡಿತರು ಊಟಕ್ಕೆ ಕೂತು ಮಾತಾಡುತ್ತಾರೆ. ಹಾವುಮೀನಿನ ಮಾತು ಬಂತೋ, ಹಾವುಮೀನಿರುವ ಹಳೇ ನಾಟಕದ ಸಾಲುಗಳು ಸಾಲಾಗಿ ಬರುತ್ತವೆ. ಎಷ್ಟೋ ತುಣುಕು ಉಳಿದದ್ದು ಅಲ್ಲಿ ಮಾತ್ರ. ಹಾಗಂತ ನಾಟಕಗಳೆಲ್ಲ ಊಟದ ಬಗ್ಗೆಯೇ ಇದ್ದವು ಅಂದುಕೊಳ್ಳಬೇಡಿ.

ಕಳೆದುಹೋದ ನಾಟಕಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಹಾಸ್ಯನಾಟಕಕಾರ ಕ್ರಾಟಿನಸ್‌ನ ‘ಪೈಟಿನೆ’, ಅಂದರೆ ಮದ್ಯದ ಬುಂಡೆ. ಕ್ರಿ.ಪೂ. 424ರಲ್ಲಿ ಅವನ ಎದುರಾಳಿ ನಾಟಕಕಾರ ಅರಿಸ್ಟೋಫನೀಸ್ ತನ್ನ ನಾಟಕದಲ್ಲಿ ಈ ಮುದುಕನನ್ನು ಕೈಲಾಗದ ಕುಡುಕ ಅಂತ ಆಡಿಕೊಂಡ. ಮರುವರ್ಷವೇ ಕ್ರಾಟಿನಸ್ ತನ್ನ ಕುಡಿತವನ್ನೇ ನಾಟಕ ಮಾಡಿದ. ಅದರಲ್ಲಿ ಹಾಸ್ಯನಾಟಕವೇ ಅವನ ಹೆಂಡತಿ. ಗಂಡ ಕುಡಿತದ ಹಿಂದೆ ಹೋದ ಅಂತ ಬಿಟ್ಟುಹೋಗಲು ಹೊರಟಿದ್ದಾಳೆ. ನಾಟಕ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಕ್ರಾಟಿನಸ್‌ಗೇ ಬಂತು. ಅರಿಸ್ಟೋಫನೀಸನ ‘ಮೋಡಗಳು’ ಮೂರನೆಯದಾಯಿತು. ಈ ಕಥೆ ಗೊತ್ತಾದದ್ದು ಹೇಗೆ ಗೊತ್ತಾ? ಅರಿಸ್ಟೋಫನೀಸನ ಆ ಅಣಕದ ಸಾಲಿಗೇ ಹಳೇ ವ್ಯಾಖ್ಯಾನಕಾರನೊಬ್ಬ ಬರೆದ ಟಿಪ್ಪಣಿಯಿಂದ!

ಹಳೇ ನಾಟಕಗಳು ನಮಗೆ ಸಿಕ್ಕ ಇನ್ನೊಂದು ದಾರಿ ಈಜಿಪ್ಟಿನ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಕಾಗದದಂಥ ಹಾಳೆ. ಮಮ್ಮಿಗಳ ಹೊದಿಕೆಗೆ ರದ್ದಿ ಪಪೈರಸ್ ಅಂಟಿಸುತ್ತಿದ್ದರು. ಇನ್ನೊಬ್ಬ ಗ್ರೀಕ್ ಹಾಸ್ಯನಾಟಕಕಾರ ಮೆನಾಂಡರನ ‘ಸಿಕಿಯೋನಿಯನ್ನರು’ ನಾಟಕದ ಭಾಗಗಳು ಸಿಕ್ಕಿದ್ದು ಅಂಥ ಹೊದಿಕೆಯಲ್ಲೇ. ನೀವು ಶುರು ಮಾಡುವುದಾದರೆ ಅವನ ‘ಡಿಸ್ಕೊಲೋಸ್’ ಓದಿ. 1958ರಲ್ಲಿ ಅಚ್ಚಾಯಿತು, ಹೆಚ್ಚುಕಡಿಮೆ ಪೂರ್ತಿ ಇದೆ.