ಮೂವರು ಮೇರಿಯರು, ಮೂರು ಆರ್ಕೇಡಿಯಾ

ಪ್ರಶ್ನೆ: ಇಂಗ್ಲೆಂಡಿನ ಸಿಡ್ನಿ ಮನೆತನದ ಬಗ್ಗೆ ಓದಲು ಹೊರಟು ತಲೆ ಕೆಟ್ಟಿದೆ. ಲೆಸ್ಟರ್‌ನ ಅರ್ಲ್ (ಅದೊಂದು ಕುಲೀನ ಪದವಿ) ಎಂದರೆ ಒಂದು ಕಡೆ ಡಡ್ಲಿ, ಇನ್ನೊಂದು ಕಡೆ ಸಿಡ್ನಿ. ಮೇರಿ ಸಿಡ್ನಿ ಎಂಬಾಕೆ ಒಮ್ಮೆ ತಾಯಿ, ಒಮ್ಮೆ ತಂಗಿ. ನಾನು ಕೊಂಡ ಫಿಲಿಪ್ ಸಿಡ್ನಿಯ 'ಆರ್ಕೇಡಿಯಾ'ದಲ್ಲಂತೂ ಕೋಟೆಯಲ್ಲಿ ಸೆರೆಯಾಗಿದ್ದ ರಾಜಕುಮಾರಿಯರು ಪುಟ ತಿರುಗಿಸಿದರೆ ಹಾಯಾಗಿ ಹೊರಗಿದ್ದಾರೆ. ನಡುವೆ ಹಾಳೆ ಬಿಟ್ಟುಹೋಗಿದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಹಾಳೆ ಬಿಟ್ಟುಹೋಗಿಲ್ಲ, ಪುಸ್ತಕ ವಾಪಸು ಮಾಡಬೇಡಿ. ಅದಕ್ಕೆ ಆಮೇಲೆ ಬರೋಣ, ಮೊದಲು ಹೆಸರುಗಳ ಗಂಟು ಬಿಡಿಸೋಣ. ಇಂಗ್ಲಿಷ್ ಪುಸ್ತಕಗಳು 'ಅಂಕಲ್' ಎಂದು ಮುಗಿಸುವ ಕಡೆ ನಾವು ಸೋದರಮಾವ ಎಂದುಕೊಂಡರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಕೆಂಟ್ ಸೀಮೆಯ ಪೆನ್ಸ್‌ಹರ್ಸ್ಟ್ ಮಹಲನ್ನು 1552ರಲ್ಲಿ ಆರನೇ ಎಡ್ವರ್ಡ್ ದೊರೆ ಸರ್ ವಿಲಿಯಂ ಸಿಡ್ನಿಗೆ ಕೊಟ್ಟ. ವಿಲಿಯಮ್ಮನ ಸೊಸೆ ಮೇರಿ ಡಡ್ಲಿಯೇ ಮೊದಲನೇ ಮೇರಿ. 1562ರಲ್ಲಿ ಎಲಿಜಬೆತ್ ರಾಣಿಗೆ ಸಿಡುಬು ಎದ್ದಾಗ ಶುಶ್ರೂಷೆ ಮಾಡಿ, ಆ ಕಲೆಗಳನ್ನು ಜೀವಮಾನವಿಡೀ ತನ್ನ ಮುಖದ ಮೇಲೆ ಹೊತ್ತವಳು. ಕವಿ ಫಿಲಿಪ್ (1554–1586) ಇವಳ ಹಿರಿಯ ಮಗ. ಅವನ ತಂಗಿ ಎರಡನೇ ಮೇರಿ, ಮದುವೆಯಾಗಿ ಪೆಂಬ್ರೋಕ್‌ನ ಕೌಂಟೆಸ್ ಆದವಳು. ಅವನ ತಮ್ಮ ರಾಬರ್ಟನ ಮಗಳು ಮೂರನೇ ಮೇರಿ, ಮದುವೆಯ ನಂತರ ಮೇರಿ ರೋತ್. ಮೂವರೂ ಒಂದಲ್ಲ ಒಂದು ಕಾಲದಲ್ಲಿ ಮೇರಿ ಸಿಡ್ನಿಯೇ!

ಇನ್ನು ಲೆಸ್ಟರ್. ಈ ಅಣ್ಣತಮ್ಮಂದಿರ ಸೋದರಮಾವ ರಾಬರ್ಟ್ ಡಡ್ಲಿ ಆ ಪದವಿಯಲ್ಲಿದ್ದವನು. 1588ರಲ್ಲಿ ಅವನು ಸತ್ತಾಗ ಪದವಿಗೆ ಕಾನೂನುಬದ್ಧ ವಾರಸುದಾರರಿರಲಿಲ್ಲ. ಮೂವತ್ತು ವರ್ಷ ಖಾಲಿಯಿದ್ದ ಅದನ್ನು 1618ರಲ್ಲಿ ಸೋದರಳಿಯ ರಾಬರ್ಟ್ ಸಿಡ್ನಿಗೆ ಹೊಸದಾಗಿ ಕೊಟ್ಟರು. ಆ ಶಾಖೆ 1743ರಲ್ಲಿ ಮುಗಿಯಿತು. ಈಗ ಲೆಸ್ಟರ್ ಅರ್ಲ್ ಎನಿಸಿಕೊಂಡವರು ಬೇರೆಯೇ ಮನೆತನದವರು. ಹಾಗಾಗಿ ಹೆಸರಿಗಿಂತ ಮೊದಲು ಇಸವಿ ನೋಡಿ.

ಈಗ ನಿಮ್ಮ ಮಾಯವಾದ ಹಾಳೆ. ಫಿಲಿಪ್ 1580ರ ಸುಮಾರಿಗೆ ತಂಗಿಗಾಗಿ 'ಆರ್ಕೇಡಿಯಾ' ಎಂಬ ಐದು ಭಾಗಗಳ ಕಥೆ ಬರೆದು ಮುಗಿಸಿದ. ಗದ್ಯದ ನಡುವೆ ಪದ್ಯ, ಹೆಚ್ಚುಕಡಿಮೆ ನಮ್ಮ ಚಂಪೂವಿನ ಹಾಗೆ. ಆಮೇಲೆ ಅದನ್ನೇ ಬಹಳ ಹಿಗ್ಗಿಸಿ ಬರೆಯತೊಡಗಿ, ಮೂರನೇ ಭಾಗದಲ್ಲಿ ಒಂದು ಕತ್ತಿವರಸೆಯ ನಟ್ಟನಡುವೆ, ವಾಕ್ಯವೂ ಮುಗಿಯದಂತೆ ಕೈಬಿಟ್ಟ. ನೆದರ್ಲೆಂಡ್ಸ್‌ನ ಜುಟ್ಫೆನ್ ಕಾಳಗದಲ್ಲಿ ತೊಡೆಗೆ ಗುಂಡು ತಗುಲಿ ತೀರಿಕೊಂಡಾಗ ಅವನಿಗೆ ಮೂವತ್ತೊಂದು. ಎರಡರಲ್ಲಿ ಒಂದೂ ಅಚ್ಚಾಗಿರಲಿಲ್ಲ.

1590ರಲ್ಲಿ ಅವನ ಗೆಳೆಯ ಫುಲ್ಕ್ ಗ್ರೆವಿಲ್‌ನ ಕಡೆಯವರು ಆ ಅರ್ಧ ಕಥೆಯನ್ನು ಇದ್ದ ಹಾಗೇ ಅಚ್ಚು ಹಾಕಿದರು. ಫಿಲಿಪ್‌ನ ತಂಗಿಗೆ ಅದು ಸರಿಬರಲಿಲ್ಲ. 1593ರಲ್ಲಿ ಅವಳ ಮುದ್ರಣ ಬಂತು: ಮುಂಭಾಗ ಹೊಸದು, ಅದರ ಬಾಲಕ್ಕೆ ಹಳೆಯ ಕಥೆಯ ಕೊನೆ. ಹೊಸದರಲ್ಲಿ ಹುಡುಗಿಯರು ಸೆರೆಯಲ್ಲಿದ್ದಾರೆ, ಹಳೆಯದರಲ್ಲಿ ಸೆರೆಯೇ ಇಲ್ಲ. ನೀವು ಎಡವಿದ್ದು ಆ ಹೊಲಿಗೆಯ ಮೇಲೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ಸ್ಕಾಟ್ಲೆಂಡಿನ ಕವಿ ಸರ್ ವಿಲಿಯಂ ಅಲೆಕ್ಸಾಂಡರ್ ನಡುವಿನ ಪ್ರಸಂಗವೊಂದನ್ನು ಬರೆದು ತೇಪೆ ಹಾಕಿದ. ನಿಮ್ಮ ಪ್ರತಿಯಲ್ಲಿ ಅದಿಲ್ಲ, ಅಷ್ಟೆ. ಮೂಲದ ಹಳೆಯ ಆರ್ಕೇಡಿಯಾ ಹಸ್ತಪ್ರತಿಗಳಲ್ಲೇ ಮಲಗಿದ್ದು, 1907ರಲ್ಲಿ ಪುಸ್ತಕ ವ್ಯಾಪಾರಿ ಬರ್ಟ್ರಮ್ ಡೋಬೆಲ್ ಕಣ್ಣಿಗೆ ಬಿತ್ತು.

ಅಂಗಡಿಯಲ್ಲಿ ಗುರುತಿಸುವುದು ಸುಲಭ. ಹೊದಿಕೆಯನ್ನು ನಂಬಬೇಡಿ, ಮೊದಲ ಪುಟ ತೆರೆಯಿರಿ. ರಾಜ ಬೆಸಿಲಿಯಸ್ ಡೆಲ್ಫಿಗೆ ಕಣಿ ಕೇಳಲು ಹೋಗುವುದರಿಂದ ಶುರುವಾದರೆ ಹಳೆಯದು. ಕಡಲ ದಂಡೆಯಲ್ಲಿ ಇಬ್ಬರು ಕುರುಬರು ಗೋಳಿಡುತ್ತಿದ್ದರೆ ಹೊಸದು, ಇಲ್ಲವೇ ಹೊಲಿದದ್ದು. ಹೆಣ್ಣುವೇಷದ ರಾಜಕುಮಾರನ ಹೆಸರು ಹಳೆಯದರಲ್ಲಿ ಕ್ಲಿಯೋಫಿಲಾ, ಹೊಸದರಲ್ಲಿ ಜೆಲ್ಮೇನ್. ಮೊದಲ ಸಲ ಓದುವವರು ಹಳೆಯದನ್ನೇ ಹಿಡಿಯುವುದು ಒಳ್ಳೆಯದು. ಗಾತ್ರ ಚಿಕ್ಕದು, ತಮಾಷೆ ಹೆಚ್ಚು, ಎಲ್ಲಕ್ಕಿಂತ ಮುಖ್ಯವಾಗಿ ಕಥೆ ಮುಗಿಯುತ್ತದೆ.

ತಂಗಿಯ ಕೆಲಸ ಬರೀ ಸಂಪಾದನೆಯಲ್ಲ ಎಂಬುದನ್ನೂ ಹೇಳಲೇಬೇಕು. ಬೈಬಲಿನ 150 ಕೀರ್ತನೆಗಳಲ್ಲಿ ಅಣ್ಣ 43ನ್ನು ಪದ್ಯಕ್ಕಿಳಿಸಿ ಹೋಗಿದ್ದ. ಉಳಿದ 107 ಅವಳವು, ಒಂದೊಂದಕ್ಕೂ ಹೊಸ ಛಂದಸ್ಸು ಹುಡುಕುವ ಹಟದೊಂದಿಗೆ. ನನ್ನ ಮಟ್ಟಿಗೆ ಅಣ್ಣನಿಗಿಂತ ಅವಳ ಕೈಯೇ ಪಳಗಿದ್ದು.

ಮುಂದೆ ಮೂರನೇ ಮೇರಿ, ಅಂದರೆ ಮೇರಿ ರೋತ್‌ಳ ಕಥೆ 'ಯುರೇನಿಯಾ' (1621) ಓದುವ ಮನಸ್ಸಾದರೆ ಈಗಲೇ ಒಂದು ಮಾತು. ಅದರಲ್ಲಿ ತನ್ನ ಮನೆಯ ಗುಟ್ಟು ರಟ್ಟಾಗಿದೆ ಎಂದು ಲಾರ್ಡ್ ಡೆನ್ನಿ ಪದ್ಯದಲ್ಲೇ ಬೈದಾಗ, ಅವನದೇ ಪ್ರಾಸಗಳಲ್ಲಿ ತಿರುಗೇಟು ಕೊಟ್ಟವಳು ಆಕೆ. ಆ ಪುಸ್ತಕ 'ಮತ್ತು' ಎಂಬ ಪದಕ್ಕೆ ಬಂದು ನಿಂತುಬಿಡುತ್ತದೆ. ಅಲ್ಲೂ ಹಾಳೆ ಬಿಟ್ಟುಹೋಗಿಲ್ಲ.