ಬಾಡಿಗೆ ಮನೆಯ ರಿಪೇರಿ ಖರ್ಚು: ತೆರಿಗೆಯಲ್ಲಿ ಎಲ್ಲಿ ಕಳೆಯಬೇಕು?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ತಂದೆಯವರಿಂದ ಬಂದ ಮನೆಯನ್ನು ತಿಂಗಳಿಗೆ 18,000 ರೂಪಾಯಿಗೆ ಬಾಡಿಗೆ ಕೊಟ್ಟಿದ್ದೇನೆ. ಈ ವರ್ಷ ಮೂರು ತಿಂಗಳು ಖಾಲಿ ಬಿದ್ದಿದ್ದಾಗ 6 ಲಕ್ಷ ಖರ್ಚು ಮಾಡಿದೆ. ಸುಣ್ಣಬಣ್ಣ, ತಾರಸಿ ಸೋರಿಕೆಗೆ 2 ಲಕ್ಷ. ಮೇಲೆ ಹೊಸ ರೂಮು, ಬಚ್ಚಲಿಗೆ 4 ಲಕ್ಷ. 5 ಲಕ್ಷ ಬ್ಯಾಂಕ್ ಸಾಲ, ವರ್ಷದ ಬಡ್ಡಿ 48,000. ಪಾಲಿಕೆಗೆ ಕಂದಾಯ 12,000 ಕಟ್ಟಿದ್ದೇನೆ. 6 ಲಕ್ಷವನ್ನೂ ಬಾಡಿಗೆಯಲ್ಲಿ ಕಳೆಯಬಹುದೇ?

ಉತ್ತರ: ಆಗುವುದಿಲ್ಲ. ಮನೆ ಬಾಡಿಗೆಯ ಆದಾಯಕ್ಕೆ ರಿಪೇರಿಯ ಬಿಲ್ಲು ಲೆಕ್ಕಕ್ಕೇ ಬರುವುದಿಲ್ಲ. ಅದರ ಬದಲು ಕಾನೂನು ಎಲ್ಲರಿಗೂ ಶೇ 30ರ ಕಡಿತ ಕೊಟ್ಟಿದೆ. ನೀವು ಆರು ಲಕ್ಷ ಸುರಿದರೂ ಅಷ್ಟೇ, ಒಂದು ಮೊಳೆ ಹೊಡೆಯದಿದ್ದರೂ ಅಷ್ಟೇ.

ನಿಮ್ಮ ಲೆಕ್ಕ ಹೀಗೆ. ಬಾಡಿಗೆ ಬಂದದ್ದು 9 ತಿಂಗಳು, 1,62,000. ಖಾಲಿ ಇದ್ದ ಕಾರಣಕ್ಕೇ ಬಾಡಿಗೆ ಕಡಿಮೆಯಾದರೆ, ಬಂದಷ್ಟನ್ನೇ ತೋರಿಸಿದರೆ ಸಾಕು. ಕಂದಾಯ 12,000 ಕಳೆದರೆ 1,50,000. ಅದರ ಶೇ 30, ಅಂದರೆ 45,000 ಹೋದರೆ 1,05,000. ಇನ್ನು ಬಡ್ಡಿ 48,000. ತೆರಿಗೆಗೆ ಉಳಿಯುವುದು 57,000.

ಕಂದಾಯದಲ್ಲಿ ಹಲವರು ಎಡವುತ್ತಾರೆ. ಅದನ್ನು ಮಾಲೀಕರೇ ಕಟ್ಟಿರಬೇಕು, ಆ ವರ್ಷದೊಳಗೇ ಕಟ್ಟಿರಬೇಕು. ಬಾಡಿಗೆದಾರ ಕಟ್ಟಿದ್ದರೆ ಕಳೆಯುವಂತಿಲ್ಲ. ಹಳೇ ಬಾಕಿಯನ್ನು ಈ ವರ್ಷ ಒಟ್ಟಿಗೆ ಕಟ್ಟಿದ್ದರೆ ಅಷ್ಟೂ ಈ ವರ್ಷವೇ ಸಿಗುತ್ತದೆ.

ನಿಮಗೆ ನಿಜವಾದ ಅನುಕೂಲ ಬಡ್ಡಿಯಲ್ಲಿದೆ. ರಿಪೇರಿ, ನವೀಕರಣಕ್ಕೆಂದು ಮಾಡಿದ ಸಾಲದ ಬಡ್ಡಿ ಬಾಡಿಗೆ ಮನೆಗೆ ಪೂರ್ತಿ ಸಿಗುತ್ತದೆ, ಹೊಸ ತೆರಿಗೆ ಪದ್ಧತಿಯಲ್ಲೂ. ಆದರೆ ಬಡ್ಡಿ ಹೆಚ್ಚಾಗಿ ನಷ್ಟ ಬಂದರೆ, ಹಳೇ ಪದ್ಧತಿಯಲ್ಲಿ ಮಾತ್ರ ಆ ನಷ್ಟವನ್ನು ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಂಥ ಬೇರೆ ಆದಾಯದಲ್ಲಿ ಕಳೆಯಬಹುದು; ಹೊಸದರಲ್ಲಿ ಆ ದಾರಿ ಇಲ್ಲ. ಮುಂದೆ ಆ ಮನೆಯಲ್ಲಿ ನೀವೇ ವಾಸಕ್ಕೆ ಹೋದರೆ ರಿಪೇರಿ ಸಾಲದ ಬಡ್ಡಿಗೆ ಮಿತಿ ವರ್ಷಕ್ಕೆ 30,000, ಅದೂ ಹಳೇ ಪದ್ಧತಿಯಲ್ಲಿ. ಕೆಳಗೆ ನೀವು, ಮೇಲೆ ಬಾಡಿಗೆ ಎಂದಾದರೆ ಬಡ್ಡಿಯನ್ನೂ ಪಾಲು ಮಾಡಬೇಕು.

ಹಾಗಾದರೆ 6 ಲಕ್ಷ ಎಲ್ಲಿ ಹೋಯಿತು? ಸುಣ್ಣಬಣ್ಣ, ಸೋರಿಕೆಯ 2 ಲಕ್ಷ ಆ ಶೇ 30ರಲ್ಲೇ ಮುಗಿಯಿತು. ಹೊಸ ರೂಮು, ಬಚ್ಚಲಿನ 4 ಲಕ್ಷ ಮಾತ್ರ ಮನೆಗೆ ಮಾಡಿದ ಸುಧಾರಣೆ. ಮನೆ ಮಾರುವ ದಿನ ಅದು ಮನೆಯ ಅಸಲಿಗೆ ಸೇರಿ ಲಾಭವನ್ನು ಕಡಿಮೆ ಮಾಡುತ್ತದೆ. ಅದು ಹತ್ತು ವರ್ಷದ ನಂತರವೂ ಆಗಬಹುದು, ಆದ್ದರಿಂದ ಈಗಲೇ ಜೋಪಾನ ಮಾಡಿ. ಮೇಸ್ತ್ರಿಯಿಂದ ‘ಮನೆ ಕೆಲಸ 6 ಲಕ್ಷ’ ಎಂಬ ಒಂದೇ ಚೀಟಿ ಪಡೆಯಬೇಡಿ. ಅದರಲ್ಲಿ ಬಣ್ಣ ಯಾವುದು, ಕಟ್ಟಡ ಯಾವುದು ಎಂದು ಆಮೇಲೆ ಬಿಡಿಸಲಾಗದೆ 4 ಲಕ್ಷವೂ ಕೈಬಿಡುತ್ತದೆ. ಹೊಸ ಕಟ್ಟಡಕ್ಕೆ ಬೇರೆ ಬಿಲ್ಲು ಬರೆಸಿ. ಸಿಮೆಂಟ್, ಕಬ್ಬಿಣ, ಟೈಲ್ಸಿನ ಜಿಎಸ್‌ಟಿ ಬಿಲ್ಲು, ಬ್ಯಾಂಕ್ ಮೂಲಕ ಹಣ ಕೊಟ್ಟ ದಾಖಲೆ, ಪಾಲಿಕೆಯ ಅನುಮತಿ, ಕೆಲಸಕ್ಕೆ ಮುಂಚಿನ ಮತ್ತು ನಂತರದ ಫೋಟೋ ಒಂದೇ ಕಡತದಲ್ಲಿರಲಿ. ತಂದೆಯವರು 2001ರ ಏಪ್ರಿಲ್ 1ರ ನಂತರ ಕಟ್ಟಿಸಿದ ಭಾಗದ ಬಿಲ್ಲುಗಳಿದ್ದರೆ ಅವನ್ನೂ ಹುಡುಕಿಡಿ, ಅವೂ ಸೇರುತ್ತವೆ.

ಪ್ರಶ್ನೆ: ಮಂಡ್ಯದ ನಮ್ಮ ಬಾಡಿಗೆ ಮನೆಯ ರಿಪೇರಿಗೆ ಭಾವನವರ ಹತ್ತಿರ 3 ಲಕ್ಷ ಕೈಸಾಲ ಮಾಡಿ ಬಡ್ಡಿ ಕೊಡುತ್ತಿದ್ದೇನೆ. ಈ ಬಡ್ಡಿ ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆ. ಬ್ಯಾಂಕಿನದೇ ಸಾಲ ಆಗಬೇಕೆಂದಿಲ್ಲ. ಚಿನ್ನದ ಸಾಲವಾದರೂ ದುಡ್ಡು ಆ ಮನೆಗೇ ಹೋಗಿದೆ ಎಂದು ತೋರಿಸುವಂತಿರಬೇಕು. ಸಾಲ ಖಾತೆಯಿಂದ ಖಾತೆಗೇ ಬಂದಿರಲಿ: 20,000 ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬಡ್ಡಿ ದರ, ತಾರೀಖು ಬರೆದ ಪತ್ರಕ್ಕೆ ಇಬ್ಬರೂ ಸಹಿ ಹಾಕಿ, ಭಾವನವರ ಪ್ಯಾನ್ ಪಡೆಯಿರಿ, ವರ್ಷಕ್ಕೊಮ್ಮೆ ಬಡ್ಡಿಯ ಮೊತ್ತ ಬರೆದ ಪತ್ರವನ್ನೂ ಪಡೆಯಿರಿ. ಆ ಬಡ್ಡಿಯನ್ನು ಅವರು ತಮ್ಮ ಆದಾಯದಲ್ಲಿ ತೋರಿಸಬೇಕಾಗುತ್ತದೆ. ಇದನ್ನು ಅವರಿಗೆ ಮೊದಲೇ ಹೇಳಿಬಿಡಿ. ಅಸಲು ತೀರಿಸಿದ್ದಕ್ಕೆ ಯಾವ ಕಡಿತವೂ ಇಲ್ಲ.